ಸೊಪ್ಪಿನ ಚೌಕಾಸಿ

ಪಾವಗಡದ ಸಂತೆಯಲ್ಲಿ ವನಜಾಕ್ಷಿ ಕನ್ನಡ, ತೆಲುಗು ಎರಡರಲ್ಲೂ ಚೌಕಾಸಿಗೆ ನಿಂತರೆ ಸೊಪ್ಪಿನವರು ನಗುನಗುತ್ತಲೇ ಸೋಲುತ್ತಿದ್ದರು. ಪುಣೆಗೆ ಹೋದಮೇಲೆ ಅಲ್ಲಿಯ ಮಾತು ಬಾರದೆ, ಕೇಳಿದಷ್ಟು ಕೊಟ್ಟು ಸುಮ್ಮನೆ ಬರುತ್ತಿದ್ದಳು. ಬರಬರುತ್ತಾ ಮನೆಯಲ್ಲೂ ಅವಳ ಮಾತು ನಿಂತಿತು. ನೋಡಲಾರದೆ ಗಂಡ ತಿಪ್ಪೇಶ್ ಹೈದರಾಬಾದಿಗೆ ವರ್ಗ ಕೇಳಿಕೊಂಡ.

ನಡುವೆ ಊರಿಗೆ ಬಂದಾಗ ತಾಯಿ ಪಟಾಲಮ್ಮ, “ಅಲ್ಲಿ ಸಂಬಳ ಜಾಸ್ತಿಯೇನ್ಲಾ?” ಎಂದಳು.

“ಇಲ್ಲ ಕಣಮ್ಮ, ಅಷ್ಟೇಯ.”

“ಮತ್ಯಾಕ್ಲಾ ಗಂಟುಮೂಟೆ ಹೊರ್ತೀಯ?”

ತಿಪ್ಪೇಶ್ ನಾಚಿಕೊಂಡೇ ಹೇಳಿದ: “ಅಲ್ಲಿ ಸೊಪ್ಪಿನೋರು ತೆಲುಗು ಮಾತಾಡ್ತಾರೆ.”

ಪಟಾಲಮ್ಮ ಸೊಸೆಯತ್ತ ನೋಡಿ ನಕ್ಕಳು. “ಹಂಗಾದ್ರೆ ಅವರ ಗತಿ ಮುಗೀತು ಬುಡು!”

ಹೈದರಾಬಾದಿನ ಮೊದಲ ಬೆಳಗ್ಗೆ ಬೀದಿಯಿಂದ ಜೋರು ದನಿ ಕೇಳಿತು. “ಏಮಮ್ಮಾ, ಇದೀ ಒಕ ಕಟ್ಟೇನಾ?” ವನಜಾಕ್ಷಿ ಮೆಂತ್ಯದ ಕಟ್ಟು ಎತ್ತಿಹಿಡಿದು, ಇದೂ ಒಂದು ಕಟ್ಟೇ ಎಂದು ಹಂಗಿಸುತ್ತಿದ್ದಳು. ತಿಪ್ಪೇಶ್ ಕಾಫಿ ಮರೆತು ಕಿಟಕಿಯನ್ನು ಪೂರ್ತಿ ತೆರೆದ.