ಕಿಟಕಿಗೆ ಬರುತ್ತಿದ್ದ ಹಣ

ನನ್ನ ಮಗ ಲಿಫ್ಟ್ ರಿಪೇರಿಯವನು. ದೊಡ್ಡ ಕಟ್ಟಡವೊಂದರಲ್ಲಿ ಕೆಟ್ಟು ನಿಂತ ಲಿಫ್ಟ್ ನೋಡಲು ಹೋದವನು ಮೇಲಿಂದ ಬಿದ್ದು ಸತ್ತ. ಕಾರ್ಮಿಕ ಕಚೇರಿಯವರು ಅವನ ಹೆಂಡತಿಗೆ ತಿಂಗಳ ಪಿಂಚಣಿ ಮಂಜೂರು ಮಾಡಿದರು. ಅವಳು ಹಗಲೆಲ್ಲ ಹೊಲಿಗೆ ಮಿಷನ್ ಮುಂದೆ ಕೂತಿರುತ್ತಿದ್ದಳು. ಹಾಗಾಗಿ ಅವಳ ಪರವಾಗಿ ಅಂಚೆ ಕಚೇರಿಯ ಕಿಟಕಿಯಿಂದ ಹಣ ತರುತ್ತಿದ್ದವಳು ನಾನು. ಕಿಟಕಿಯ ಹುಡುಗಿ "ಬಂದಿದೆ ಅಮ್ಮ" ಎನ್ನುತ್ತಿದ್ದಳು. ಆ ಮಾತು ಕೇಳಿದರೆ ಮಗ ಎಲ್ಲೋ ದೂರದಲ್ಲಿ ಕೆಲಸಕ್ಕಿದ್ದಾನೆ, ದುಡಿದು ಕಳಿಸಿದ್ದಾನೆ ಅನ್ನಿಸುತ್ತಿತ್ತು. ಹುಚ್ಚು ಅನ್ನಿ. ಹೆತ್ತವಳಿಗೆ ಅಷ್ಟಾದರೂ ಬೇಡವೇ?

ವರ್ಷಕ್ಕೊಮ್ಮೆ ನಾವಿಬ್ಬರೂ ಆ ಕಾರ್ಮಿಕ ಕಚೇರಿಗೆ ಹೋಗಿ ನಿಲ್ಲಬೇಕಿತ್ತು. ಅವಳು ಇನ್ನೊಂದು ಮದುವೆಯಾಗಿಲ್ಲ ಎಂದು ಗಂಡನ ಕಡೆಯವರೊಬ್ಬರು ಬಾಯಿಬಿಟ್ಟು ಹೇಳಬೇಕು. ಆಗಿದ್ದರೆ ಹಣ ನಿಲ್ಲುತ್ತದೆ. ಗಂಡನ ಕಡೆಯವರು ಎಂದರೆ ನಾನೊಬ್ಬಳೇ.

"ಸೊಸೆ ಮರುಮದುವೆ ಆಗಿದ್ದಾರಾ?"

"ಇಲ್ಲ."

ಗುಮಾಸ್ತ ಠಪ್ಪೆಂದು ಮೊಹರು ಒತ್ತುತ್ತಿದ್ದ. ಗಂಡ ಸತ್ತ ಹುಡುಗಿಯನ್ನು ಎದುರಿಗೇ ನಿಲ್ಲಿಸಿಕೊಂಡು ಕೇಳುವ ಪ್ರಶ್ನೆಯೇ ಅದು? ಪ್ರತಿ ಸಲ ನನಗೆ ಮೈಯೆಲ್ಲ ಉರಿಯುತ್ತಿತ್ತು. ಅವಳು ಮಾತ್ರ ಚೀಲದ ಹಿಡಿ ತಿರುವುತ್ತ ತಲೆ ತಗ್ಗಿಸಿ ನಿಲ್ಲುತ್ತಿದ್ದಳು.

ಕಳೆದ ವರ್ಷ ನಮ್ಮ ಮಿಷನ್ ಪದೇ ಪದೇ ಕೆಡತೊಡಗಿತು. ರಿಪೇರಿಗೆ ಬರುತ್ತಿದ್ದವನು ಹೆಂಡತಿ ಸತ್ತವನು, ಮಾತು ಕಡಿಮೆ. ಅವನಿಗೆ ನಾನಿಟ್ಟ ಹೆಸರು ಎಣ್ಣೆಡಬ್ಬಿ. ಸೂಜಿ ಹಾಕಲು ಬಂದವನು ಇಡೀ ಮಿಷನ್ ಬಿಚ್ಚಿ ಹರವಿಕೊಂಡು ಕೂರುತ್ತಿದ್ದ.

"ಸೂಜಿ ಹಾಕೋಕೆ ಚಕ್ರ ಯಾಕಪ್ಪ ಬಿಚ್ತೀಯಾ?" ಎಂದರೆ ಕಿವಿಯವರೆಗೂ ಕೆಂಪಾಗುತ್ತಿದ್ದ. ಸೊಸೆ ಮುಖ ತಿರುಗಿಸಿ ನಗುತ್ತಿದ್ದಳು. ಅವಳಿಗೆ ನಗಲು ಬರುತ್ತದೆ ಎನ್ನುವುದೇ ನನಗೆ ಮರೆತುಹೋಗಿತ್ತು. ನನಗೆ ಸಂತೋಷವಾಯಿತು ಎಂದರೆ ಸುಳ್ಳಾಗುತ್ತದೆ. ನನ್ನ ಮಗನ ಕುರ್ಚಿಯಲ್ಲಿ ಕೂತು ಅವಳನ್ನು ನಗಿಸುತ್ತಾನಲ್ಲ ಎಂದು ಹೊಟ್ಟೆ ಉರಿಯಿತು.

ಒಂದು ಮಧ್ಯಾಹ್ನ ನಾನು ಅಡುಗೆಮನೆಯಲ್ಲಿ ಪಾತ್ರೆ ತೊಳೆಯುತ್ತಿದ್ದೆ. ಹೊರಗೆ ಸೊಸೆಯ ದನಿ ಕೇಳಿಸಿತು.

"ನಾನು ಮದುವೆ ಆದ್ರೆ ಪಿಂಚಣಿ ನಿಂತುಹೋಗುತ್ತೆ. ಅತ್ತೆ ಗತಿ ಏನು?"

"ಅವ್ರೂ ಬರಲಿ ನಮ್ಮನೆಗೆ. ನಾನೇನು ಬೇಡ ಅಂದ್ನಾ?"

"ಊಟದ ಮಾತಲ್ಲ ಅದು. ಆ ಹಣ ಬಂದ ದಿನ ಅವರ ಮುಖ ನೀವು ನೋಡಿಲ್ಲ. ಮಗನೇ ಮನೆಗೆ ಬಂದ ಹಾಗಿರ್ತಾರೆ. ಅದನ್ನ ನಾನೇ ಕೈಯಾರೆ ಕಿತ್ಕೊಳ್ಳಲಾ? ನೀವು ಇನ್ನು ಬರಬೇಡಿ."

ನನ್ನ ಹುಚ್ಚು ನನ್ನೊಬ್ಬಳಿಗೇ ಗೊತ್ತು ಅಂದುಕೊಂಡಿದ್ದೆ. ಅವಳಿಗೂ ಗೊತ್ತಿತ್ತು. ನಲ್ಲಿಯ ನೀರು ಸುಮ್ಮನೆ ಹರಿಯುತ್ತಲೇ ಇತ್ತು. ಎಣ್ಣೆಡಬ್ಬಿ ಮತ್ತೆ ನಮ್ಮ ಮನೆಯ ಕಡೆ ತಲೆ ಹಾಕಲಿಲ್ಲ. ಮಿಷನ್ ಕೂಡ ಆಮೇಲೆ ಒಂದು ದಿನವೂ ಕೆಡಲಿಲ್ಲ.

ಈ ವರ್ಷವೂ ಕಚೇರಿಯಿಂದ ಕರೆ ಬಂತು. ಹೋದೆವು. ಗುಮಾಸ್ತ ಮೊಹರು ಕೈಯಲ್ಲಿ ಹಿಡಿದೇ ಕೇಳಿದ: "ಸೊಸೆ ಮರುಮದುವೆ ಆಗಿದ್ದಾರಾ?"

"ಆಗಿದ್ದಾಳೆ" ಎಂದೆ.

ಸೊಸೆ ನನ್ನ ತೋಳು ಹಿಡಿದಳು. "ಅತ್ತೆ, ಏನು ಹೇಳ್ತಿದೀರಿ?"

"ನೀನು ಸುಮ್ನಿರು. ಅವರು ಕೇಳ್ತಿರೋದು ನನ್ನನ್ನ."

"ಯಾರ ಜೊತೆ?" ಎಂದ ಗುಮಾಸ್ತ.

"ಮಿಷನ್ ರಿಪೇರಿಯವನ ಜೊತೆ. ಒಳ್ಳೆಯವನು. ಸ್ವಲ್ಪ ಎಣ್ಣೆ ವಾಸನೆ, ಅಷ್ಟೇ."

"ಅಮ್ಮ, ಹಣ ಈ ತಿಂಗಳಿಂದಲೇ ನಿಲ್ಲುತ್ತೆ. ನಿಮಗೂ ಏನೂ ಬರಲ್ಲ. ಒಂದ್ಸಲ ನಿಂತ್ರೆ ನಿಂತ ಹಾಗೇ. ಗೊತ್ತಿದೆಯಾ?"

"ಗೊತ್ತಿದೆ. ಬರ್ಕೊಳ್ಳಿ."

ಅವನು ಸೊಸೆಯ ಮುಖ ನೋಡಿದ. ಅವಳು ಹೌದು ಎನ್ನಲಿಲ್ಲ, ಇಲ್ಲ ಎನ್ನಲೂ ಇಲ್ಲ. ಕಣ್ಣಿಂದ ನೀರು ಸುರಿಯುತ್ತಿತ್ತು. ಅವನು ಬೇರೆ ಮೊಹರು ಹುಡುಕಿ ತೆಗೆದು ಒತ್ತಿದ.

ಮೆಟ್ಟಿಲಿಳಿಯುವಾಗ ಕೇಳಿದಳು: "ಯಾಕೆ ಸುಳ್ಳು ಹೇಳಿದ್ರಿ?"

"ಅದು ಸುಳ್ಳಾಗದ ಹಾಗೆ ನೋಡ್ಕೊಳ್ಳೋದು ನಿನ್ನ ಕೆಲಸ. ಬೇಗ ಮದುವೆ ಮಾಡ್ಕೋ. ಇಲ್ಲಾಂದ್ರೆ ನನ್ನನ್ನ ಜೈಲಿಗೆ ಹಾಕ್ತಾರೆ."

ಅವಳು ಅಳುತ್ತಲೇ ನಕ್ಕುಬಿಟ್ಟಳು. ಅದೇ ವಾರ ಮದುವೆಯಾಯಿತು. ಮಿಷನ್ ಜೊತೆ ನಾನೂ ಅವನ ಮನೆ ಸೇರಿದೆ. ಗಾಳಿ ಬೆಳಕಿರುವ ಕೋಣೆಯನ್ನೇ ನನಗೆ ಬಿಟ್ಟುಕೊಟ್ಟಿದ್ದಾನೆ, ಅಮ್ಮ ಎಂದು ಕರೆಯುತ್ತಾನೆ. ಅವನ ಮೇಲೆ ದೂರು ಹೇಳಿದರೆ ನನ್ನ ನಾಲಿಗೆ ಬಿದ್ದುಹೋದೀತು.

ತಿಂಗಳ ಮೊದಲ ದಿನ ಯಾರಿಗೂ ಹೇಳದೆ ಅಂಚೆ ಕಚೇರಿಗೆ ಹೋದೆ. ನಿಲ್ಲಿಸಿದವಳು ನಾನೇ, ನನಗೆ ಗೊತ್ತಿಲ್ಲದ್ದೇನಲ್ಲ. ಆದರೂ ಸಾಲಿನಲ್ಲಿ ನಿಂತೆ.

ಕಿಟಕಿಯ ಹುಡುಗಿ ನೋಡಿ ಹೇಳಿದಳು: "ಈ ಸಲ ಬಂದಿಲ್ಲ ಅಮ್ಮ."

"ಗೊತ್ತಮ್ಮ. ಆದ್ರೂ ಇನ್ನೊಂದ್ಸಲ ನೋಡು."

ನನಗೋಸ್ಕರ ಇನ್ನೊಮ್ಮೆ ನೋಡಿದಳು. "ಇನ್ಮೇಲೆ ಬರಲ್ಲ ಅಂತಿದೆ."

ಹಿಂದಿದ್ದವರು ಕೆಮ್ಮಿದರು. ನಾನು ಪಕ್ಕಕ್ಕೆ ಸರಿದು ಗೋಡೆ ಬದಿಯ ಬೆಂಚಿನ ಮೇಲೆ ಕೂತೆ. ಮಗನ ಹೆಣ ನೋಡಿದಾಗಲೂ ನಾನು ಬಾಯಿಬಿಟ್ಟು ಅತ್ತಿರಲಿಲ್ಲ. ಅಲ್ಲಿ ಕೂತು, ಅಷ್ಟು ಜನರ ಎದುರಿಗೆ, ಅವನ ಹೆಸರು ಹಿಡಿದು ಅಳತೊಡಗಿದೆ.