ಪೊರಕೆಯವಳ ಮಗಳ ಕತ್ತರಿ

"ಏಯ್, ತಲೆ ಮುಟ್ಟಬೇಡ! ಮೊನ್ನೆ ಮೊನ್ನೆವರೆಗೂ ಕಸ ಬಾಚ್ತಿದ್ದ ಕೈ ಅದು."

ವಕೀಲರ ಹೆಂಡತಿ ಕುರ್ಚಿಯಿಂದ ಅರ್ಧ ಎದ್ದೇಬಿಟ್ಟಳು. ಹುಡುಗಿ ಬಾಚಣಿಗೆ ಹಿಡಿದ ಕೈಯನ್ನು ಹಿಂದಕ್ಕೆ ಎಳೆದುಕೊಂಡಳು. ಪಾರ್ಲರಿನ ಮೂಲೆಯಲ್ಲಿ ಉದುರಿದ ಕೂದಲು ಗುಡಿಸುತ್ತಿದ್ದ ಅವಳ ಅಮ್ಮ ತಲೆ ಎತ್ತಲಿಲ್ಲ.

"ಹೊಸಬಳು, ತಪ್ಪಾಯ್ತು," ಎಂದು ಪಾರ್ಲರಿನ ಮೇಡಂ ಹಲ್ಲು ಕಿರಿಯುತ್ತ ತಾನೇ ಕತ್ತರಿ ಹಿಡಿದಳು.

ಹುಡುಗಿ ಕೆಲಸ ಕಲಿತದ್ದು ಓಣಿಯ ಹೆಂಗಸರ ತಲೆಯ ಮೇಲೆ. ಮೊದಲ ಸಲ ಚಿಕ್ಕಮ್ಮನ ಕೂದಲು ಇಲಿ ಕಡಿದ ಹಾಗಾಗಿತ್ತು. "ಇರಲಿ ಬಿಡೇ, ಕಿವಿ ಉಳೀತಲ್ಲ," ಎಂದು ಚಿಕ್ಕಮ್ಮ ನಕ್ಕು, ಮುಂದಿನ ತಿಂಗಳು ಮತ್ತೆ ಬಂದು ಕೂತಿದ್ದಳು. ಈಗ ಓಣಿಯಲ್ಲಿ ಹುಡುಗಿಯ ಕೈಗೆ ಸರಿಸಾಟಿ ಇರಲಿಲ್ಲ. ಪಾರ್ಲರಿನಲ್ಲಿ ಮಾತ್ರ ಮೂರು ತಿಂಗಳಾದರೂ ಒಂದು ತಲೆ ಸಿಕ್ಕಿರಲಿಲ್ಲ. ಟವೆಲ್ ಒಗೆ, ಕನ್ನಡಿ ಒರೆಸು, ಅಷ್ಟೇ.

ಮಳೆಗಾಲದಲ್ಲಿ ಮೇಡಂ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿಯಿತು. ಆಗ ನೆನಪಾದಳು ಹುಡುಗಿ. ಗಿರಾಕಿಯನ್ನು ಕನ್ನಡಿಗೆ ಬೆನ್ನು ಮಾಡಿ ಕೂರಿಸುವುದು, ಮೇಡಂ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನಲ್ಲಿ ಮುಚ್ಚಿಕೊಂಡು ಪಕ್ಕದಲ್ಲಿ ನಿಂತು ಮಾತಾಡುವುದು, ಹುಡುಗಿ ಹಿಂದೆ ನಿಂತು ಉಸಿರೆತ್ತದೆ ಕತ್ತರಿಸುವುದು. ಕೈ ಅವಳದು, ಹೆಸರು ಮೇಡಂದು.

ವಕೀಲರ ಹೆಂಡತಿಯಂತೂ ಎರಡು ಸಲ ಹೀಗೇ ಕತ್ತರಿಸಿಕೊಂಡು ಹೋಗಿದ್ದಳು. ಮೂರನೇ ಸಲ ಕಣ್ಣು ಮುಚ್ಚಿ ಹೊಗಳತೊಡಗಿದಳು.

"ಏನ್ರೀ ನಿಮ್ಮ ಕೈ! ಹೂವಿನ ಹಾಗೆ ಆಡತ್ತೆ. ಬೇರೆ ಯಾರಿಗೂ ನಾನು ತಲೆ ಕೊಡಲ್ಲಪ್ಪ."

"ನಿಮ್ಮ ನಂಬಿಕೆ ಇದ್ರೆ ಸಾಕು," ಎಂದಳು ಮೇಡಂ.

ಹುಡುಗಿಯ ಕತ್ತರಿ ನಿಂತಿತು.

"ಅದು ನನ್ನ ಕೈ, ಅಮ್ಮಾವ್ರೇ."

ವಕೀಲರ ಹೆಂಡತಿ ಗಿರಕ್ಕನೆ ತಿರುಗಿದಳು. ಎಡಗಡೆ ಕೂದಲು ಕಿವಿಯ ಮಟ್ಟಕ್ಕೆ ಬಂದಿತ್ತು, ಬಲಗಡೆಯದು ಇನ್ನೂ ಭುಜದ ಮೇಲಿತ್ತು.

"ಥೂ! ಇಷ್ಟು ದಿನ ಈ ದರಿದ್ರ ಮುಂಡೇದು ನನ್ನ ತಲೆ ಮುಟ್ತಿತ್ತಾ?"

"ಹೊಟ್ಟೆಗೆ ಏನು ತಿಂತೀಯೇ?" ಮೇಡಂ ಹುಡುಗಿಯ ರಟ್ಟೆ ಹಿಡಿದು ನೂಕಿದಳು. "ಕಾಲು ಹಿಡಿದು ತಪ್ಪಾಯ್ತು ಅನ್ನು. ಇಲ್ಲಾಂದ್ರೆ ತಾಯಿ ಮಗಳು ಇಬ್ರೂ ಆಚೆ!"

ಹುಡುಗಿ ಕದಲಲಿಲ್ಲ. ಪೊರಕೆ ಬಿಸಾಡಿ ಓಡಿಬಂದದ್ದು ಅಮ್ಮ.

"ನನ್ನ ಮುಖ ನೋಡಿ ಬಿಟ್ಬಿಡಿ ಅಮ್ಮಾವ್ರೇ, ತಿಳೀದ ಕೂಸು," ಎನ್ನುತ್ತ ಬಗ್ಗಿದಳು. ಅವಳ ಬೆರಳು ವಕೀಲರ ಹೆಂಡತಿಯ ಚಪ್ಪಲಿಗಳನ್ನು ತಾಕುವ ಮೊದಲೇ ಹುಡುಗಿ ಎರಡೂ ತೋಳು ಹಿಡಿದು ಎತ್ತಿದಳು. ಎತ್ತಿದವಳೇ ಪಕ್ಕದ ಖಾಲಿ ಕುರ್ಚಿಯಲ್ಲಿ, ಕನ್ನಡಿಗೆ ಎದುರಾಗಿ, ಅಮ್ಮನನ್ನು ಕೂರಿಸಿ ಕೊರಳಿಗೆ ಒಗೆದ ಬಿಳಿ ಬಟ್ಟೆ ಸುತ್ತಿದಳು.

"ಏಯ್, ನನ್ನ ತಲೆ?" ವಕೀಲರ ಹೆಂಡತಿ ಬಲಗಡೆ ಕೂದಲು ಹಿಡಿದುಕೊಂಡು ಕಿರುಚಿದಳು.

"ಮುಟ್ಟಲ್ಲ ಬಿಡಿ. ಮೇಡಂ ಕತ್ತರಿಸ್ತಾರೆ."

ಮೇಡಂ ಪಟ್ಟಿ ಕಟ್ಟಿದ ಕೈಯನ್ನು ಸೆರಗಿನೊಳಗೆ ಎಳೆದುಕೊಂಡಳು.

ಅಮ್ಮ ಕುರ್ಚಿಯಿಂದ ಏಳಲು ನೋಡಿದಳು. "ಬೇಡ ಕಣೇ, ಕೆಲಸ ಹೋಗತ್ತೆ."

"ಹೋಗಲಿ. ನೀನು ತಲೆ ಎತ್ತು ಅಮ್ಮ. ಬಗ್ಗಿದ್ರೆ ಕತ್ತರಿಸೋಕಾಗಲ್ಲ."

ಅಮ್ಮ ಗಲ್ಲ ಎತ್ತಿದಳು, ಒಂದೊಂದೇ ಕೂದಲೆಳೆಯಷ್ಟು. ಮೇಡಂ ಬುಸುಗುಡುತ್ತ ಹೋಗಿ ದೀಪಗಳನ್ನೆಲ್ಲ ಆರಿಸಿದಳು. ಹುಡುಗಿ ಕುರ್ಚಿಯನ್ನು ಕಿಟಕಿಯ ಬೆಳಕಿಗೆ ತಿರುಗಿಸಿಕೊಂಡು ಕತ್ತರಿಸತೊಡಗಿದಳು.