ರುದ್ರವ್ವ ಹೊಲಿದ ಕೌದಿ

ಗೋಡೆಗೊರಗಿಸಿ ಕೂರಿಸಿದ್ದ ಹೆಣದ ಮೈಮೇಲೆ ಹೊದಿಸಿದ್ದ ಹೊಸ ಇಳಕಲ್ಲ ಸೀರೆಯನ್ನು ಚನ್ನಬಸವ್ವ ತೆಗೆದು ಮಡಚತೊಡಗಿದಾಗ ಭಜನೆಯವರ ತಾಳ ನಿಂತಿತು.

“ಏನ ಮಾಡಾಕತ್ತಿ ಚನ್ನವ್ವಾ?” ಎಂದ ಮಲಕಪ್ಪ. ಸತ್ತ ರುದ್ರವ್ವನ ಅಣ್ಣ ಆತ, ಇಳಕಲ್ಲಿನ ನೇಕಾರ. ತಂಗಿಗೆ ಹುಷಾರಿಲ್ಲವೆಂದು ಕೇಳಿ, ಯುದ್ಧದ ದಿನಗಳಲ್ಲಿ ಸಿಕ್ಕಷ್ಟು ನೂಲು ಕೂಡಿಸಿ, ತಾನೇ ನೇಯ್ದ ಸೀರೆ ಹಿಡಿದು ವಾರದ ಹಿಂದೆ ಪುಣೆಗೆ ಬಂದಿದ್ದ. ಉಡುವ ಯೋಗ ಆಕೆಗೆ ಬರಲಿಲ್ಲ.

“ಅತ್ತಿ ಬ್ಯಾಡಂದಾರ್ರಿ, ಮಾವಾರ. ಅರಿವಿ ಮಣ್ಣಾಗ ಹಾಕಬ್ಯಾಡ, ತಗದಿಡು ಅಂದಾರ.”

“ತವರಮನಿ ಸೀರಿ ಇಲ್ಲದ ಮಣ್ಣಿಗೆ ಕಳಸ್ತೀಯೇನು? ಜಲ್ಮಪೂರ್ತಿ ಮಂದಿ ಮನಿ ಹಳೆ ಧೋತರ ಬೇಡಿ ಕೌದಿ ಹೊಲದ್ಲು. ಸತ್ತ ಮ್ಯಾಲರ ಮಾನದಿಂದ ಹೋಗ್ಲಿ!”

ಒಂದೇ ಅಂಗಳದ ಸುತ್ತ ಹತ್ತಾರು ಬಾಡಿಗೆ ಸಂಸಾರಗಳಿದ್ದ ಆ ವಾಡೆಯ ಗಂಡಸರಿಗೆಲ್ಲ ಗೊತ್ತಿದ್ದದ್ದು ಇಷ್ಟೇ. ರುದ್ರವ್ವ ಗುಮಾಸ್ತರ ಮನೆಗಳಲ್ಲಿ ಹಳೆ ಧೋತರ ಬೇಡುತ್ತಾಳೆ, ಕೌದಿ ಹೊಲಿಯುತ್ತಾಳೆ. ಆ ಕೌದಿ ಹೊದ್ದವರು ಯಾರು ಎಂದು ಕೇಳುವ ಪುರುಸೊತ್ತು ಅವರಿಗೆ ಎಲ್ಲಿಂದ ಬರಬೇಕು!

*

ಹತ್ತು ವರ್ಷದ ಹಿಂದೆ ಚನ್ನಬಸವ್ವ ಸೊಸೆಯಾಗಿ ಬಂದಾಗ ಅವಳಿಗಿದ್ದದ್ದು ಎರಡೇ ಸೀರೆ. ಮೊದಲ ತಿಂಗಳು ಮುಟ್ಟಾದಾಗ ಗೋಣಿಚೀಲದ ತುಂಡು ಕಟ್ಟಿಕೊಂಡಳು. ಮೂರನೆಯ ದಿನ ತೊಡೆ ತರಚಿ ಜ್ವರ ಬಂತು.

ರುದ್ರವ್ವ ಬಾಯಿಗೆ ಬಂದಂತೆ ಬೈದಳು. “ನಾಚಿಕಿ ಇಟ್ಕೊಂಡು ಸಾಯ್ತೀಯೇನ? ನಮ್ಮ ಲಿಂಗವಂತರಾಗ ಮುಟ್ಟಿಗೆ ಮೈಲಿಗಿ ಇಲ್ಲ. ಮೈಲಿಗಿ ಇಲ್ಲಂದ್ರ ಅರಿವಿನೂ ಬ್ಯಾಡೇನು?”

ಬೈಯುತ್ತಲೇ ತನ್ನದೊಂದು ಸೀರೆ ಹರಿದು, ಪದರ ಮಾಡಿ ಹೊಲಿದುಕೊಟ್ಟಳು. ಮರುದಿನವೇ ಧೋತರ ಬೇಡಲು ಹೊರಟಳು. ವಾಡೆಯಲ್ಲಿ ಬೀಡಿ ಕಟ್ಟುವವರ ಮನೆಯ ಹುಡುಗಿಯರು ಬೂದಿ, ಚಿಂದಿ ಎಂದು ಒದ್ದಾಡುವುದು ಆಕೆಗೆ ಗೊತ್ತಿತ್ತು. ಹೊಲಿದದ್ದನ್ನು ಬುಟ್ಟಿಯಲ್ಲಿ ಸೊಪ್ಪಿನ ಕೆಳಗಿಟ್ಟು ಕೊಟ್ಟುಬರುತ್ತಿದ್ದಳು. “ಬಿಸಿಲಾಗ ಒಣಗಿಸ್ರೆ, ಕತ್ತಲ್ಯಾಗ ಬ್ಯಾಡ” ಎಂದು ತಾಕೀತು ಬೇರೆ. ಆ ಒಂದು ಮಾತನ್ನು ಮಾತ್ರ ಯಾರೂ ಕೇಳಲಿಲ್ಲ. ಗಂಡಸರು ಓಡಾಡುವ ಅಂಗಳದಲ್ಲಿ ಅದನ್ನು ಹರವುವುದು ಹೇಗೆ?

ಯುದ್ಧ ಬಂದು ಬಟ್ಟೆ ಕಂಟ್ರೋಲಿಗೆ ಬಿದ್ದ ಮೇಲೆ ಜನ ಹಳೆಯ ಧೋತರಕ್ಕೇ ತೇಪೆ ಹಾಕಿ ಉಡತೊಡಗಿದರು. ರುದ್ರವ್ವನ ಪೆಟ್ಟಿಗೆ ಬರಿದಾಯಿತು. ಪಕ್ಕದ ಕೋಣೆಯ ರಂಗೂಬಾಯಿಯ ಮಗಳು, ಇಂದೂ ಎಂಬವಳು, ತಿಂಗಳಿಗೆ ನಾಲ್ಕು ದಿನ ಶಾಲೆ ತಪ್ಪಿಸತೊಡಗಿದಳು. “ಪೂರಾ ಬಿಡಸ್ತೀನ್ರಿ, ಬೀಡಿ ಕಟ್ಟಲಿ” ಎಂದಿದ್ದಳು ರಂಗೂಬಾಯಿ.

*

ಈಗ ಇಂದೂ ಕಂಬದ ಹಿಂದೆ ನಿಂತು ಆ ಸೀರೆಯನ್ನೇ ನೋಡುತ್ತಿದ್ದಳು. ಚನ್ನಬಸವ್ವನಿಗೆ ಅಳು ಬಂತು, ಅದಕ್ಕಿಂತ ಮೊದಲು ಸಿಟ್ಟು ಬಂತು.

“ಅತ್ತಿ ಒಂದು ಕೌದಿನೂ ಹೊಲದಿಲ್ರಿ,” ಎಂದಳು, ಗಂಡಸರೆಲ್ಲ ಕೇಳುವಂತೆ. “ಹುಡುಗ್ಯಾರ ಮುಟ್ಟಿನ ಅರಿವಿ ಹೊಲದ್ರು. ಈ ವಾಡೇದಾಗಿನ ಹುಡುಗ್ಯಾರು ಅದನ್ನ ಕಟ್ಕೊಂಡ ಸಾಲಿಗೆ ಹೋಗ್ಯಾರ. ಈ ಸೀರಿ ಇಂದೂಗ ಅಂತ ಮಾತು ಕೊಟ್ಟಾರ್ರಿ.”

ಅವಳ ಗಂಡ ಈರಣ್ಣ ನೆಲ ನೋಡಿದ. ಮಲಕಪ್ಪ ತಂಗಿಯ ಮುಖದ ಹತ್ತಿರ ಬಗ್ಗಿದ.

“ನನಗೂ ಹೇಳ್ಲಿಲ್ಲಲ್ಲ ರುದ್ರೀ,” ಎಂದು ಕಣ್ಣೊರೆಸಿಕೊಂಡ. ಆಮೇಲೆ, “ಕತ್ರಿ ತಾರವಾ.”

ಸೆರಗು ಸೀರೆಯ ಒಡಲಿಗೆ ಕೂಡುವ ಜಾಗ ನೇಕಾರನ ಬೆರಳಿಗೆ ತಾನಾಗಿ ಸಿಕ್ಕಿತು. ತಾನೇ ಒಂದೊಂದಾಗಿ ಕೊಂಡಿ ಹಾಕಿ ಕೂಡಿಸಿದ ಎಳೆಗಳನ್ನು ತಾನೇ ಕತ್ತರಿಸಿದ.

“ಸೆರಗು ರೇಷ್ಮಿ, ಹುಡುಗ್ಯಾರಿಗೆ ಉಪಯೋಗಿಲ್ಲ. ಇದು ಆಕಿಗಿರಲಿ. ಒಡಲು ಹತ್ತಿ. ಗಂಜಿ ಹೋಗೂತನಕ ತೊಳೀರಿ, ಭಾಳ ಮೆತ್ತಗಾಗ್ತದ.”

ತಲೆಯ ಮೇಲೆ ಕೆಂಪು ಸೆರಗು ಹೊದ್ದು ರುದ್ರವ್ವ ಹೊರಟಳು. ತಾಳದ ಸದ್ದು ಬೀದಿ ತಿರುಗುವವರೆಗೂ ಕೇಳಿತು.

ರಂಗೂಬಾಯಿ ನಲ್ಲಿಯ ಕೆಳಗೆ ಒಡಲನ್ನು ಬಡಿದು ತೊಳೆದಳು. ತುಂಡು ತುಂಡಾಗಿ ಹರಿದು ಹಿಂಡಿ ಮಗಳ ಕೈಗೆ ಕೊಟ್ಟು, “ಒಳಗ ಮೂಲ್ಯಾಗ ಹಾಕು” ಎಂದಳು. ಇಂದೂ ಒಳಗೆ ಹೋಗಲಿಲ್ಲ. ಅಂಗಳದ ಉದ್ದಕ್ಕೂ ಕಟ್ಟಿದ್ದ ಹಗ್ಗದ ಮೇಲೆ, ಸುಡುವ ಬಿಸಿಲಿನಲ್ಲಿ, ಒಂದೊಂದಾಗಿ ಹರವಿದಳು.

ಮಣ್ಣು ಮಾಡಿ ಬಂದ ಗಂಡಸರು ವಾಡೆಯ ಬಾಗಿಲಲ್ಲೇ ನಿಂತರು. ಮಲಕಪ್ಪ ರುಮಾಲು ತೆಗೆದು ಕೈಯಲ್ಲಿ ಹಿಡಿದ. ತಲೆ ಬಗ್ಗಿಸಿ, ಆ ಹಸಿ ಅರಿವೆಗಳ ಕೆಳಗಿನಿಂದ ಎಲ್ಲರಿಗಿಂತ ಮೊದಲು ಒಳಗೆ ಬಂದ.